ಹಿತ್ತಲಲ್ಲಿ ಎದ್ದ ಜಾಲಿ

ಮಕ್ತಲ್, ೧೮ ಜುಲೈ ೨೦೧೭, ಮಂಗಳವಾರ

ಸೊಂಟ ನೆಟ್ಟಗಾಗುತ್ತಿಲ್ಲ. ಹಿತ್ತಲಿಗೆ ಹಾಕಿದ್ದು ಮೆಂತ್ಯೆ, ಪುಂಡಿಪಲ್ಯೆ ಬೀಜ; ಹುಟ್ಟಿದ್ದು ಜಾಲಿ.

ತಪ್ಪು ನನ್ನ ಜಾಣತನದ್ದೇ. ಹಳೇ ಜಾಲಿ ಕಡಿಸಿದ ಮೇಲೆ, ಗೊಬ್ಬರಕ್ಕೆ ದುಡ್ಡು ಯಾಕೆ ಎಂದು ಪಕ್ಕದ ನರ್ವ ಊರಿನ ಕುರಿಗಾರ ಕುರುಮಯ್ಯನ ಕುರಿಗಳನ್ನು ನಾಲ್ಕಾರು ರಾತ್ರಿ ಅಲ್ಲಿ ನಿಲ್ಲಿಸಿಕೊಂಡೆ. ಕೊಟ್ಟಿದ್ದು ಅವನ ಊಟವಷ್ಟೇ. ಬೇಸಿಗೆಯೆಲ್ಲ ಅವು ತಿನ್ನುವುದೇ ಜಾಲಿಕಾಯಿ ಅನ್ನುವುದು ಹೊಳೆಯಲಿಲ್ಲ. ಹಿಕ್ಕೆಯೊಳಗಿನ ಬೀಜ ಮಳೆ ಬಿದ್ದದ್ದೇ ಎದ್ದು ಕೂತಿವೆ.

ಫೋನ್ ಮಾಡಿ ಬೈದೆ. "ಗೊಬ್ಬರ ಕೇಳಿದ್ರಿ, ಕೊಟ್ಟೀನ್ರಿ ಸಾವ್ಕಾರ್ರ. ಬೀಜ ಪುಕ್ಕಟೆ ಬಂದೈತಿ ಅನ್ಕೊಳ್ರಿ" ಅಂದ ಕುರುಮಯ್ಯ. ಸೀರೆ ಜೊತೆ ಕುಬ್ಬಸದ ಖಣ ಪುಕ್ಕಟೆ ಎಂದು ನಾನು ನನ್ನ ಬಟ್ಟೆ ಅಂಗಡಿಯಲ್ಲಿ ಹೇಳುವ ಧಾಟಿಯೇ.

ತನ್ನ ತಂಗಿ ತೀರಿಕೊಂಡಾಗಿನಿಂದ ನನ್ನ ಹೆಂಡತಿ ನೀಲಮ್ಮ ಕೋಣೆ ಹಿಡಿದು ಕೂತಿದ್ದಳು. ಅವಳು ಹೊರಗೆ ಬರಲಿ ಎಂದೇ ಈ ಹಿತ್ತಲಿನ ಉಸಾಬರಿ. ಎಷ್ಟು ಕರೆದರೂ ಬರದವಳು ಇವತ್ತು ನನ್ನ ಗೊಣಗಾಟ ಕೇಳಿ ಬಂದಳು.

"ಊರಿಗೆಲ್ಲ ಬುದ್ಧಿ ಹೇಳೋರಿಗೆ ಕುರಿ ಏನ್ ತಿಂತಾವ ಗೊತ್ತಿಲ್ಲೇನ್ರಿ? ಸರೀರಿ ಅತ್ಲಾಗ!" ಎಂದು ಸೆರಗು ಸಿಕ್ಕಿಸಿ ಕೂತಳು. ಸಂಜೆವರೆಗೂ ಕೀಳುತ್ತ ಬೈದಳು, ಬೈಯುತ್ತ ಕಿತ್ತಳು. ನಡುವೆ ಒಂದು ಸಲ ನಕ್ಕಂತೆಯೂ ಇತ್ತು.

ಬೇರು ಇಳಿಯುವ ಮುಂಚೆ ಎಲ್ಲ ಕಿತ್ತು ಹಾಕಬೇಕು, ಇಲ್ಲವಾದರೆ ಕಡಿಸಿದ ಕೂಲಿ ದಂಡ. ಗೊತ್ತಿದೆ. ಆದರೂ ಅವಳು ಒಳಗೆ ಹೋದ ಮೇಲೆ ಗೋಡೆ ಪಕ್ಕದ ಸಾಲು ಕೀಳದೆ ಹಾಗೇ ಬಿಟ್ಟು ಬಂದೆ. ನಾಳೆಯೂ ಅವಳಿಗೆ ನನ್ನನ್ನು ಬೈಯಲು ಏನಾದರೂ ಇರಬೇಕಲ್ಲ...