ಮೊದಲು ಹಗ್ಗ, ಆಮೇಲೆ ಟವೆಲ್

ಗೆಳೆಯಾ ಗುರುಲಿಂಗ,

ವಾಡಿ ರೈಲುಗಾಡಿ ಹತ್ತಿ ಹೋದವನು ನೀನು ವಿಳಾಸ ಕೊಡಲಿಲ್ಲ. ಆದರೂ ಈ ಸುದ್ದಿ ಬರೆಯದಿದ್ದರೆ ನನ್ನ ಹೊಟ್ಟೆ ಉಬ್ಬುತ್ತದೆ: ಏಳನೇ ಇಯತ್ತೆಗೇ ಶಾಲೆ ಬಿಟ್ಟ ಈ ಶಂಕ್ರೆಪ್ಪ ಕಂಪ್ಯೂಟರಿಗೇ ಪಾಠ ಹೇಳಿದ್ದಾನೆ!

ಅಣ್ಣನ ಮಗಳು ಲಾವಣ್ಯ ಕಂಪ್ಯೂಟರನ್ನು ಒಳಗಿನಿಂದ ನಡೆಸುವ ‘ಕರ್ನಲ್’ ಎಂಬ ತಂತ್ರಾಂಶದ ಕೈಪಿಡಿ ತಿದ್ದುತ್ತಿದ್ದಳು. ಅದರೊಳಗೆ ಒಬ್ಬ ಕೆಲಸ ಮುಗಿಸಿ ನಿಶಾನೆ ತೋರಿಸುತ್ತಾನಂತೆ, ಇನ್ನೊಬ್ಬ ಅದನ್ನು ನೋಡಿ ಮುಂದುವರಿಯುತ್ತಾನಂತೆ. ಅವಸರದಲ್ಲಿ ಹಿಂದುಮುಂದಾಗದಂತೆ ‘ಮೆಮೊರಿ ಬ್ಯಾರಿಯರ್’ ಎಂಬ ತಡೆ ಹಾಕಬೇಕಂತೆ.

“ಇಷ್ಟೇ ಏನ? ತಾಂಡೂರ ಖಣಿ ಲಾರಿ ಕತಿ ಬರಿ,” ಅಂದೆ. “ಗುರುಲಿಂಗ ಪರ್ಸಿ ಕಲ್ಲು ಹೇರಿ, ಹಗ್ಗ ಕಟ್ಟಿ, ಆಮ್ಯಾಲ ಟವೆಲ್ ಬೀಸ್ತಿದ್ದ. ನಾ ಲಾರಿ ಬಿಡ್ತಿದ್ದೆ.”

“ಅಂವ ಒಬ್ಬಾಂವ ಸರಿ ಇದ್ರ ಸಾಲದು ಕಾಕಾ. ನೀ ಹಗ್ಗ ನೋಡ್ತಿದ್ದಿದ್ದು ಟವೆಲ್ ಬೀಸಿದ ಮ್ಯಾಲೋ, ಮೊದಲೋ? ಆ ತಡಿ ಎರಡೂ ಕಡಿ ಬೇಕು, ನಿಶಾನಿ ತೋರ್ಸಾಂವಗೂ, ನೋಡಾಂವಗೂ.”

ನಮ್ಮಿಬ್ಬರ ಕೊನೆಯ ಲೋಡು ನೆನಪಾಯಿತು. ಆ ದಿನ ನಾನು ಹಗ್ಗ ನೋಡಿದ್ದು ಮೊದಲು, ನೀನು ಹಗ್ಗ ಕಟ್ಟಿ ಟವೆಲ್ ಬೀಸಿದ್ದು ಆಮೇಲೆ. ದಾರಿಯಲ್ಲಿ ಪರ್ಸಿ ಒಡೆದಾಗ ಖಣಿಯ ಸಾವ್ಕಾರರಿಗೆ, “ಅಂವ ಹಗ್ಗ ಕಟ್ಟಿದ್ದಿಲ್ರಿ, ನಾನೇ ನೋಡೀನಿ,” ಅಂದುಬಿಟ್ಟಿದ್ದೆ. ಆ ಮಾತಿಗೇ ಅವರು ನಿನ್ನನ್ನು ಕೆಲಸದಿಂದ ಬಿಡಿಸಿದರು.

ಲಾವಣ್ಯ ನಮ್ಮ ಲಾರಿಯನ್ನು ಕೈಪಿಡಿಗೆ ಸೇರಿಸಿದ್ದಾಳೆ. ಇನ್ನು ಜಗತ್ತೆಲ್ಲ ಓದುತ್ತದೆ! ಡ್ರೈವರನ ಹೆಸರು ಬೇಡ ಅಂದೆ. ಹಗ್ಗ ಕಟ್ಟಿಯೇ ಟವೆಲ್ ಬೀಸಿದವನ ಹೆಸರನ್ನು ಮಾತ್ರ ಹಾಕಿಸಿದ್ದೇನೆ.