ಇಸಳೂರಿನ ‘ಇಲ್ಲೆ’

ಅತ್ತೆ, ನಿಮ್ಮ ಸೊಸೆ ಸೌಭಾಗ್ಯ ಶಿರಸಿಯಿಂದ ಬರೆಯುತ್ತಿದ್ದೇನೆ. ಮಂಡ್ಯದ ಮನೆಗೆ ಎರಡು ಸಲ ಕಳ್ಳರು ನುಗ್ಗಿದ ಮೇಲೆ, ಮಕ್ಕಳನ್ನು ಬೆಳೆಸಲು ಭಯವಿಲ್ಲದ ಊರೇ ಬೇಕು ಅಂದಿದ್ದೆನಲ್ಲ, ನಿನ್ನೆ ಇಲ್ಲಿನ ಇಸಳೂರಿನಲ್ಲಿ ಬಾಡಿಗೆ ಮನೆ ನೋಡಿದೆವು. ಮನೆಯೊಡತಿ ಪರಿಮಳಾ ಹೆಗಡೆಯವರನ್ನು, “ಈ ಕಡೆ ಕಳ್ಳರ ಕಾಟ ಐತಾ?” ಎಂದು ಕೇಳಿದೆ.

“ಇಲ್ಲೆ.”

“ಹುಚ್ಚುನಾಯಿ?”

“ಇಲ್ಲೆ.”

“ಕುಡುಕರ ಗಲಾಟೆ?”

“ಅಯ್ಯ, ಅದೂ ಇಲ್ಲೆ!”

ಎಲ್ಲವನ್ನೂ ಇಲ್ಲೇ ಇಟ್ಟುಕೊಂಡು ನಗುತ್ತಾರಲ್ಲ ಅಂದುಕೊಂಡೆ. ನಿಮ್ಮ ಮಗನನ್ನು ಎಳೆದುಕೊಂಡು ಹೊರಟೇಬಿಟ್ಟೆ. ಗೇಟಿನ ಬಳಿ ಮರ್ಯಾದೆಗೆಂದು, “ನಿಮ್ಮ ಯಜಮಾನ್ರು ಕಾಣಲಿಲ್ಲ?” ಅಂದೆ.

“ಇಲ್ಲೆ, ಪ್ಯಾಟಿಗೆ ಹೋಯ್ದ.”

ಇಲ್ಲೇ ಇರುವವರು ಪೇಟೆಗೆ ಹೇಗೆ ಹೋದರು? ಆಗ ಹೊಳೆಯಿತು, ಇವರ ಮನೆಮಾತಿನ ‘ಇಲ್ಲೆ’ ಅಂದರೆ ನಮ್ಮ ‘ಇಲ್ಲ’! ನಾಚಿಕೆಯಿಂದ ವಾಪಸು ಹೋಗಿ, ಎರಡು ಲೋಟ ಮಜ್ಜಿಗೆ ಕುಡಿದು, ಮನೆ ಒಪ್ಪಿಕೊಂಡೆವು.

ಪಾಪುವಿನ ಕೆಮ್ಮು ಕಡಿಮೆಯಾಗಿದೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ‘ನೀವೆಲ್ಲ ಹೋದರೆ ನಾನೆಲ್ಲಿರಲಿ’ ಎಂದು ಮುನಿಸಿಕೊಂಡಿದ್ದಿರಲ್ಲ, ಉತ್ತರ: ಇಲ್ಲೇ. ಇದನ್ನು ಮಾತ್ರ ಮಂಡ್ಯದ ಕನ್ನಡದಲ್ಲಿ ಓದಿಕೊಳ್ಳಿ.