ಅಕ್ಕನ ಮುಖಕ್ಕೊಂದು ಫೇಸ್‌ವಾಶ್

ಮಾರ್ಚ್ ೧೧, ಮಂಗಳವಾರ

ಬೆಳಿಗ್ಗೆಯಿಂದ ಒಂದೇ ಕೊರೆತವಿತ್ತು: ಹದಿನೇಳನೇ ಸಲ ಮಾಡಿದ್ದೂ ಅಕ್ಕನ ಮುಖ ಉರಿಸಿದರೆ?

ಎರಡು ವರ್ಷದಿಂದ ಅವಳಿಗೆ ಯಾವ ಸೋಪೂ ಒಗ್ಗುತ್ತಿಲ್ಲ. ಬರೀ ನೀರಲ್ಲಿ ಮುಖ ತೊಳೆದು ಆಸ್ಪತ್ರೆಯ ಡ್ಯೂಟಿಗೆ ಹೋಗುತ್ತಾಳೆ. ಫೇಸ್‌ವಾಶ್ ಮಾಡುವ ಲ್ಯಾಬಿನಲ್ಲಿ ತಂಗಿಯಿದ್ದೂ ಈ ಪಾಡು! ನೊರೆ ಬರುವ ಜೆಲ್ ಮಾಡಿಕೊಟ್ಟೆ, ಚರ್ಮ ಬಿಗಿದುಕೊಂಡಿತು. ಎಣ್ಣೆಯದು ಕೊಟ್ಟೆ, ಜಿಡ್ಡು ಉಳಿಯಿತು. ಈ ಸಲದ್ದು ಹಾಲಿನಂಥ ಕ್ರೀಮು. ನೊರೆಯ ವಸ್ತು ತೀರಾ ಸೌಮ್ಯವಾದದ್ದು, ಅದೂ ಚೂರೇ ಚೂರು. ಗ್ಲಿಸರಿನ್ ಧಾರಾಳ, ಸುವಾಸನೆ ಸೊನ್ನೆ. ಚರ್ಮದಷ್ಟೇ ತುಸು ಹುಳಿಯಾಗಲೆಂದು ಸಿಟ್ರಿಕ್ ಆಸಿಡ್ ಹನಿಹನಿಯಾಗಿ ಬಿಟ್ಟು, ಪಿಎಚ್ ಮೀಟರ್ ಐದೂವರೆ ತೋರಿಸಿದಾಗ ಕೈ ನಿಲ್ಲಿಸಿದ್ದೆ. ಎರಡು ದಿನ ಅವಳ ಮೊಣಕೈಯ ಒಳಮಡಿಕೆಗೆ ಹಚ್ಚಿ ನೋಡಿದ್ದೂ ಆಗಿತ್ತು, ಅಲ್ಲಿ ಉರಿದಿರಲಿಲ್ಲ.

"ನೊರೆನೇ ಇಲ್ವಲ್ಲಮ್ಮ, ಯಾರು ತಗೋತಾರೆ ಇದನ್ನ?" ಎಂದರು ಲ್ಯಾಬಿನ ಮುಖ್ಯಸ್ಥರು.

"ನಮ್ಮಕ್ಕ ಮುಖ ತೊಳ್ಕೊಳ್ಲಿ ಸಾರ್, ಆಮೇಲೆ ಮಾತಾಡೋಣ" ಎಂದುಬಿಟ್ಟೆ. ಆ ಧೈರ್ಯ ಎಲ್ಲಿತ್ತೋ.

ಸಂಜೆ ಅಕ್ಕ ಬಚ್ಚಲಲ್ಲಿ ಮುಖ ತೊಳೆದಳು. ನಾನು ಬಾಗಿಲಲ್ಲಿ ಗಡಿಯಾರ ನೋಡುತ್ತಾ ನಿಂತೆ. ಐದು ನಿಮಿಷ ಕಳೆಯಿತು, ಹತ್ತಾಯಿತು. ಕೆನ್ನೆ ಕೆಂಪಾಗಲಿಲ್ಲ.

"ಉರೀತಿದ್ಯೇನೇ?"

ಅವಳು ಕನ್ನಡಿಯಿಂದ ಕಣ್ಣು ಕೀಳದೆ, "ಇಲ್ಲ ಕಣೇ. ಇನ್ನೊಂದ್ಸಲ ತೊಳ್ಕೊಳ್ಲಾ?" ಎಂದಳು.

ಬೇಡ ಅನ್ನಬೇಕಿತ್ತು, ಕ್ರೀಮಿನ ಡಬ್ಬಿಯನ್ನೇ ಅವಳ ಕೈಗಿಟ್ಟೆ. ಉರಿಗೆ ಹೆದರಿ ಸದಾ ಅಂಗಾತ ಮಲಗುತ್ತಿದ್ದವಳು ಈಗ, ಈ ರಾತ್ರಿ, ಪಕ್ಕದ ಮಂಚದಲ್ಲಿ ಕೆನ್ನೆಯನ್ನು ದಿಂಬಿಗೆ ಒತ್ತಿಕೊಂಡು ಗೊರಕೆ ಹೊಡೆಯುತ್ತಿದ್ದಾಳೆ. ನನಗೆ ನಿದ್ದೆಯೇ ಹತ್ತುತ್ತಿಲ್ಲ. ಎದ್ದು ಇನ್ನೊಮ್ಮೆ ನೋಡಿಬರುತ್ತೇನೆ, ಕೆನ್ನೆ ಕೆಂಪಾಗಿಲ್ಲ ತಾನೇ ಎಂದು.